ಗೇಣುದ್ದದ ಸೇವಂತಿಗೆ

ಪೂಜ್ಯ ಮುಪ್ಪಯ್ಯಜ್ಜನವರ ಮಠವೆಂದರೆ ಎರಡು ಕೋಣೆ, ಒಂದು ಪಡಸಾಲೆ, ಮುಂದೆ ಅಂಗಳ. ಮುಚ್ಚಿಹೋದ ಹತ್ತಿ ಮಿಲ್ಲಿನ ಗೋಡೆಗೆ ಒರಗಿಕೊಂಡು ನಿಂತಿತ್ತು. ಗೋಡೆ ಬಿದ್ದರೆ ಮಠವೂ ಬೀಳುವ ಹಾಗಿತ್ತು. ಅಜ್ಜನವರು ಬೆಳಗಿನ ಲಿಂಗಪೂಜೆ ಮುಗಿಸಿ ತಾವೇ ಅಂಗಳ ಗುಡಿಸುತ್ತಿದ್ದರು, ತಾವೇ ಗಿಡಗಳಿಗೆ ನೀರು ಹಾಕುತ್ತಿದ್ದರು. ಬಂದವರಿಗೆ ವಿಭೂತಿ, ಇದ್ದರೆ ರೊಟ್ಟಿ. ತಾಯಿತ ಕಟ್ಟಲಿಲ್ಲ, ಭವಿಷ್ಯ ಹೇಳಲಿಲ್ಲ. ಭಕ್ತರಿಗೆ ಒಂದು ಪವಾಡ ಬೇಕಿತ್ತು. ಅಜ್ಜನವರು ಕೊಡಲಿಲ್ಲವಾದ್ದರಿಂದ ಭಕ್ತರೇ ಒಂದನ್ನು ಮಾಡಿಕೊಂಡರು.

ಅಂಗಳದಲ್ಲಿ ಹನ್ನೊಂದು ಕುಂಡಗಳಿದ್ದವು. ಬೇಸಿಗೆಯಲ್ಲಿ ಯಾರೋ ಗಾಡಿಯವನು ಬೇಡವಾದ ಕುಂಡಗಳೆಂದು ತಂದು ಇಳಿಸಿಹೋಗಿದ್ದ. ಒಳಗೆ ಒಣಗಿದ ಸೇವಂತಿಗೆಯ ಬುಡಗಳಷ್ಟೇ ಇದ್ದವು. ಅಜ್ಜನವರು ನೀರು ಹಾಕಿದರು, ಚಿಗುರಿದವು. ಕಾರ್ತಿಕದಲ್ಲಿ ಊರಿನ ಸೇವಂತಿಗೆಯೆಲ್ಲ ಉದ್ದಕ್ಕೆ ಬೆಳೆದು ಬಾಗಿ ಬಿದ್ದರೆ, ಮಠದವು ಗೇಣುದ್ದಕ್ಕೇ ನಿಂತು, ಎಲೆ ಕಾಣದಷ್ಟು ಹೂ ಬಿಟ್ಟವು. ಗಿಡ್ಡವಾಗಲೆಂದು ಯಾರೂ ಕುಡಿ ಚಿವುಟಿರಲಿಲ್ಲ. ಅಜ್ಜನವರು ಗಿಡದ ತಲೆ ಸವರಿ ‘ಸಾಕು’ ಎಂದದ್ದೇ ತಡ ಬೆಳವಣಿಗೆ ನಿಂತಿತೆಂದು ಮಿಲ್ಲಿನ ಹಳೆಯ ಕಾವಲುಗಾರ ಈರಭದ್ರಪ್ಪ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದ. ಕಣ್ಣಾರೆ ಕಂಡೆ ಎಂದೂ ಸೇರಿಸಿದ.

ಸುದ್ದಿ ಡಾಕ್ಟರ್ ಶೇಖರಗೌಡ ಹಂಚಿನಾಳರಿಗೆ ಮುಟ್ಟಿತು. ಅವರು ಕೃಷಿ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತರಾದವರು. ಕುಂಡದ ಹೂಗಿಡಗಳನ್ನು ಗಿಡ್ಡಗೆ ಇಡುವುದೇ ಅವರ ವಿದ್ಯೆ. ಫಲಪುಷ್ಪ ಪ್ರದರ್ಶನದಲ್ಲಿ ಸೇವಂತಿಗೆ ಒಂದು ಅಡಿ ಮೀರಬಾರದು, ಮೀರಿದರೆ ಹೊರಗೆ. ಗೌಡರದು ಒಮ್ಮೆಯೂ ಮೀರಿರಲಿಲ್ಲ. ಹೆಂಡತಿ ಕಸ್ತೂರಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮಕ್ಕಳಿರಲಿಲ್ಲ. ಆ ವಾರ ಅವರು ಮಾತಾಡಿದ್ದು ಹಾಲಿನವನ ಜೊತೆ ಮಾತ್ರ, ಅದೂ ಎರಡು ಸಲ. ಉಳಿದದ್ದೊಂದೇ ಸುಖ, ತಾವು ಹೇಳಿದ್ದು ಸರಿ ಎನಿಸಿಕೊಳ್ಳುವುದು. ಜನ ಹೆಚ್ಚಿರಲೆಂದು ಸೋಮವಾರವನ್ನೇ ಆರಿಸಿ, ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡು ಮಠಕ್ಕೆ ಹೊರಟರು.

ಅಂಗಳಕ್ಕೆ ಬಂದವರೇ ಕುಂಡವೊಂದನ್ನು ಎತ್ತಿಕೊಂಡರು.

“ಮುಟ್ಟಬ್ಯಾಡ್ರಿ ಸಾಹೇಬ್ರ,” ಈರಭದ್ರಪ್ಪ ಅಡ್ಡ ಬಂದ. “ಅಜ್ಜಾರ ಮಾತು ಕೇಳಿದ ಗಿಡ ಅವು.”

“ಗಿಡ ಮಾತು ಕೇಳತೈತಿ, ನೀ ಮಾತ್ರ ಕೇಳಂಗಿಲ್ಲ. ಸರಿ ಆಕಡೆ.”

“ನನಗೂ ‘ಸಾಕು’ ಅಂದಾರ್ರಿ ಅಜ್ಜಾರು. ನಾಲ್ಕನೇ ರೊಟ್ಟಿಗೆ.”

ಮಂದಿ ನಕ್ಕರು. ಗೌಡರು ನಗಲಿಲ್ಲ. ಕುಂಡವನ್ನು ಬೋರಲು ಮಾಡಿ ತಳಕ್ಕೆ ಎರಡೇಟು ಹಾಕಿದರು. ಬೇರಿನ ಸಮೇತ ಮಣ್ಣಿನ ಗಡ್ಡೆ ಕೈಗೆ ಬಂತು. ತೆಂಗಿನ ನಾರಿನ ಪುಡಿ, ಭತ್ತದ ಹೊಟ್ಟಿನ ಕರಿ ಬೂದಿ. ಊರಲ್ಲಿ ಇಂಥ ಮಿಶ್ರಣ ಮಾಡುವವರು ಒಬ್ಬರೇ ಇದ್ದರು. ಗಡ್ಡೆಯ ಅಡಿಯಲ್ಲಿ, ನೀರು ಹರಿಯುವ ತೂತಿನ ಮೇಲೆ ಇಡುವ ಚೂರು ಅಂಟಿಕೊಂಡಿತ್ತು. ಎಲ್ಲರೂ ಹೆಂಚಿನ ಚೂರು ಇಡುತ್ತಾರೆ. ಇದು ಪಿಂಗಾಣಿ ಕಪ್ಪಿನ ಚೂರು, ಅಂಚಿನಲ್ಲಿ ನೀಲಿ ಹೂವು. ಒಡೆದ ಕಪ್ಪನ್ನು ಎಸೆಯದೆ ಕುಂಡಕ್ಕೆಂದು ಎತ್ತಿಡುವವಳು ಕಸ್ತೂರಿ. ಗೌಡರು ಕುಂಡ ಆರಿಸುತ್ತಿದ್ದರು, ಆಕೆ ಚೂರಿಟ್ಟು ಮಣ್ಣು ತುಂಬುತ್ತಿದ್ದಳು. ಆಕೆ ಹೋದ ಮೇಲೆ ಯಾರೂ ನೀರು ಹಾಕದೆ ಒಣಗಿದ ಕುಂಡಗಳನ್ನು, ಎಲ್ಲಾದರೂ ಸುರಿ ಎಂದು ಗೌಡರೇ ಗಾಡಿಯವನಿಗೆ ಒಪ್ಪಿಸಿದ್ದರು.

ಆದರೂ ಸಾಬೀತು ಮಾಡಲು ಬಂದವರು ಸಾಬೀತು ಮಾಡದೆ ಬಿಡಲಿಲ್ಲ.

“ಇದು ನನ್ನ ಮಣ್ಣು,” ಎಂದರು, ಎಲ್ಲರಿಗೂ ಕೇಳುವಂತೆ. “ಇದರಾಗ ಬೆಳವಣಿಗೆ ತಡಿಯೋ ಔಷಧ ಐತಿ. ನಾನೇ ಹಾಕೇನಿ. ಒಮ್ಮೆ ಹಾಕಿದರ ವರ್ಷಗಟ್ಲೆ ಮಣ್ಣಾಗ ಉಳೀತೈತಿ. ಪವಾಡ ಇಲ್ಲ, ಏನೂ ಇಲ್ಲ.”

ಎಲ್ಲರೂ ಅಜ್ಜನವರ ಕಡೆ ನೋಡಿದರು. ಅಜ್ಜನವರು ಪಡಸಾಲೆಯಿಂದ ಇಳಿದು ಬಂದರು.

“ಖರೇ ಐತಿ,” ಎಂದರು. “ಈ ಕುಂಡದಾಗ ಕಸಾನೂ ಬೆಳೀಲಿಲ್ಲ. ಮಣ್ಣಾಗ ಏನೋ ಐತಿ ಅಂತ ಆಗಿಂದ ಹೇಳಾಕತ್ತೇನಿ. ಇವರು ಕೇಳಂಗಿಲ್ಲ.” ಆಮೇಲೆ ಗೌಡರ ಕೈಯಲ್ಲಿದ್ದ ಗಿಡವನ್ನು ನೋಡಿ ಕೇಳಿದರು: “ಔಷಧ ಹಾಕದಿದ್ದರ ಇದು ಎಷ್ಟು ಎತ್ತರ ಬೆಳಿತೈತ್ರಿ?”

ಎಷ್ಟು ನೀರಿಗೆ ಎಷ್ಟು ಔಷಧ, ಕುಡಿ ಚಿವುಟಿದ ಎಷ್ಟು ದಿನಕ್ಕೆ ಹಾಕಬೇಕು, ಎಲ್ಲ ಗೌಡರಿಗೆ ಬಾಯಿಪಾಠ. ಈ ತಳಿಯ ಒಂದೇ ಒಂದು ಗಿಡವನ್ನೂ ಅವರು ಅದರ ಪಾಡಿಗೆ ಬಿಟ್ಟಿರಲಿಲ್ಲ. ಪ್ರತಿ ವರ್ಷ ಮಣ್ಣು ತುಂಬುವಾಗ ಕಸ್ತೂರಿ ಕೇಳುತ್ತಿದ್ದಳು, “ಒಂದನ್ನರ ಬಿಡ್ರಿ. ಎಷ್ಟು ಬೆಳಿತೈತಿ ನೋಡೂನು.” ಉದ್ದ ಗಿಡಕ್ಕೆ ಬಹುಮಾನವಿಲ್ಲ ಎಂದು ಗೌಡರು ಹೇಳುತ್ತಿದ್ದರು. ಕೊನೆಯ ವರ್ಷ ಆಕೆ ಮಂಚದಿಂದಲೇ ಕೇಳಿದಾಗ ‘ಮುಂದಿನ ಸಲ’ ಎಂದಿದ್ದರು.

“ಗೊತ್ತಿಲ್ರಿ ಅಜ್ಜಾರ,” ಎಂದರು ಗೌಡರು. “ನೋಡಿಲ್ಲ.”

ಅಜ್ಜನವರು ಆ ಪಿಂಗಾಣಿ ಚೂರನ್ನು ಬಿಡಿಸಿ, ತಮ್ಮ ಕಾವಿಯ ಸೆರಗಿಗೆ ಒರೆಸಿ, ಗೌಡರ ಅಂಗೈಯಲ್ಲಿಟ್ಟರು.

“ಹಂಗಾರ ನೋಡೂನು.”

ಅದರಲ್ಲಿ ದಿವ್ಯದೃಷ್ಟಿಯೇನೂ ಇರಲಿಲ್ಲ. ಯಾರು ಬೇಕಾದರೂ ಆಡಬಹುದಾದ ಮಾತು. ಆದರೆ ಗೌಡರೊಂದಿಗೆ ವರ್ಷದಿಂದ ಯಾರೂ ಅದನ್ನು ಆಡಿರಲಿಲ್ಲ. ಅವರು ಕುಂಡಗಳ ನಡುವೆ ಅಲ್ಲೇ ಕುಳಿತುಬಿಟ್ಟರು. ಮುಖ ಮುಚ್ಚಿಕೊಂಡರು.

ಹೂ ಮುಗಿದ ಮೇಲೆ ಇಬ್ಬರೂ ಸೇರಿ ಬುಡದಿಂದ ಹುಟ್ಟಿದ ಒಂದು ಮರಿಗಿಡ ಕಿತ್ತು, ಬೇರಿನ ಮಣ್ಣನ್ನೆಲ್ಲ ತೊಳೆದು, ಗೋಡೆಯ ಬದಿಯ ನೆಲದಲ್ಲಿ ನೆಟ್ಟರು. ಗೌಡರು ದಿನವೂ ಬಂದರು. ಅಜ್ಜನವರು ಅಂಗಳ ಗುಡಿಸುವರು, ಗೌಡರು ನೀರು ಹಾಕುವರು. ಮಾತು ಕಡಿಮೆ. ಎಷ್ಟೋ ದಿನಗಳಾದ ಮೇಲೆ ಒಂದು ಬೆಳಗ್ಗೆ ಗೌಡರು ಕಸ್ತೂರಿಯ ಪ್ರಶ್ನೆಯ ಸಂಗತಿ ಹೇಳಿದರು. ಅಜ್ಜನವರು ಕೇಳಿಸಿಕೊಂಡರು, ಗುಡಿಸುವುದನ್ನು ಮುಂದುವರಿಸಿದರು.

ಶ್ರಾವಣದಲ್ಲಿ ಗಿಡ ಮೊಣಕಾಲು ದಾಟಿತು. ಗೌಡರ ಹೆಬ್ಬೆರಳು ತೋರುಬೆರಳು ತಾವಾಗಿಯೇ ಕುಡಿಯ ಮೇಲೆ ಕೂತವು. ಮೂವತ್ತೊಂದು ವರ್ಷದ ಚಟ.

“ಗೌಡ್ರ,” ಎಂದರು ಅಜ್ಜನವರು ಪಡಸಾಲೆಯಿಂದ. ಅಷ್ಟೇ. ಗೌಡರು ಕೈ ಹಿಂತೆಗೆದರು.

“ನಾನಾಗಿದ್ದರ ಚಿವುಟಿಬಿಡ್ರಿ ಅಂತಿದ್ದೆ,” ಎಂದ ಈರಭದ್ರಪ್ಪ. “ಈ ಉದ್ದ ಗಿಡದ ಬಗ್ಗೆ ಸಂತ್ಯಾಗ ಏನ್ ಹೇಳ್ಲಿ?”

ಕಾರ್ತಿಕದಲ್ಲಿ ಹೂವಾಯಿತು. ನೋಡಲು ಚೆಂದವೇನೂ ಇರಲಿಲ್ಲ. ಬುಡದ ಎಲೆ ಒಣಗಿತ್ತು, ಮೂರು ಕೋಲಿನ ಆಸರೆ ಬೇಕಾಗಿತ್ತು. ಇಪ್ಪತ್ತೋ ಇಪ್ಪತ್ತೈದೋ ಹೂವು, ಒಂದೊಂದು ಒಂದೊಂದು ದಿಕ್ಕಿಗೆ. ಪ್ರದರ್ಶನದ ಬಾಗಿಲಲ್ಲೇ ತಡೆಯುತ್ತಿದ್ದರು. ಗೌಡರು ಟೇಪು ತೆಗೆದರು. ಮತ್ತೆ ಜೇಬಿಗಿಟ್ಟರು. ಗಿಡದ ಪಕ್ಕ ನಿಂತು, ತುದಿ ಎಲ್ಲಿಗೆ ಬರುತ್ತದೆಂದು ಕೈಯಿಂದ ನೋಡಿಕೊಂಡರು.

“ಗೊತ್ತಾತಲ್ಲ,” ಎಂದರು ಅಜ್ಜನವರು. “ಕೇಳಿದವರಿಗೆ ಹೇಳಿ ಬರ್ರಿ.”

ಗೌಡರು ಅಂದೇ ಊರ ಹೊರಗಿನ ರುದ್ರಭೂಮಿಗೆ ಹೋದರು. ಮಣ್ಣು ಕೊಟ್ಟ ದಿನದಿಂದ ಆ ಕಡೆ ತಲೆ ಹಾಕಿರಲಿಲ್ಲ. ಸತ್ತವರು ಕೇಳಿಸಿಕೊಳ್ಳುತ್ತಾರೆಂದು ಅವರು ಅಂದೂ ನಂಬಿರಲಿಲ್ಲ, ಆಮೇಲೂ ನಂಬಲಿಲ್ಲ. ಅಜ್ಜನವರು ನಂಬೆಂದು ಹೇಳಿಯೂ ಇರಲಿಲ್ಲ. ಆದರೂ ಚಪ್ಪಲಿ ಬಿಟ್ಟು, ಕಸ್ತೂರಿಯ ಸಮಾಧಿಯ ಬದಿಗೆ ಕುಳಿತರು. ನೀಲಿ ಹೂವಿನ ಚೂರನ್ನು ಮಣ್ಣಿನ ಮೇಲಿಟ್ಟರು.

“ನಿನ್ನ ಎದಿಮಟಾ ಬರತೈತಿ,” ಎಂದರು.

ಚೂರನ್ನು ಮಣ್ಣಿಗೆ ಒತ್ತಿ, “ಕೋಲು ಕೊಡಬೇಕಾಗತೈತಿ,” ಎಂದರು.