ಧೂಪದ ಮರದ ಕೆಳಗಿನ ನೆಲ

“ಬುದ್ಧಿ, ನಮ್ಮ ಮಠದ ಭಜನೆ ಯಾಕೆ ಹೀಗೆ ಕ್ಷೀಣವಾಗುತ್ತಿದೆ?” ಎಂದು ಗುರುಪಾದಯ್ಯ ಮಠದ ಗುರುಗಳನ್ನು ಕೇಳಿದರು.

ಮೂವತ್ತು ವರ್ಷಗಳಿಂದ ಭಜನೆಯನ್ನು ನಡೆಸಿಕೊಂಡು ಬಂದವರು ಅವರೇ. ಶಿವನ ಮುಂದೆ ಅಪಸ್ವರ ಬರಬಾರದು ಎಂಬ ಭಯ ಅವರಿಗೆ. ಹೊಸದಾಗಿ ಬಂದವರ ದನಿ ಕೂಡದಿದ್ದರೆ, ಕಲಿತು ಬನ್ನಿ ಎಂದು ಮೆತ್ತಗೆ ಹೇಳಿ ಕಳಿಸುತ್ತಿದ್ದರು. ಹಳಬರಲ್ಲಿ ಒಬ್ಬರ ಮನಸ್ಸನ್ನೂ ನೋಯಿಸಿದವರಲ್ಲ. ಆ ತಿಂಗಳು ಇಬ್ಬರು ಹಿರಿಯರು ಲಿಂಗೈಕ್ಯರಾದರು. ಹಾಡುವವರು ಐದೇ ಜನ ಉಳಿದರು.

ಗುರುಗಳು ಅವರಿಗೆ ಕೂರಲು ಹೇಳಿ, ಕತೆ ತೆಗೆದರು.

ಬೆಟ್ಟದ ಮೇಲಿನ ದಟ್ಟ ಕಾಡಿನಲ್ಲಿ ಒಬ್ಬ ರೈತ ಏಲಕ್ಕಿ ಬೆಳೆಯುತ್ತಿದ್ದ. ಏಲಕ್ಕಿಗೆ ಮರದ ನೆರಳು ಬೇಕು. ನೇರ ಬಿಸಿಲನ್ನು ಅದು ತಾಳದು. ಅವನ ತಂದೆ ಸಾಯುವಾಗ ಒಂದು ಮಾತು ತೆಗೆದುಕೊಂಡಿದ್ದ. ಇವು ದೇವರು ನೆಟ್ಟ ಮರಗಳು, ಒಂದಕ್ಕೂ ಕೊಡಲಿ ಹಾಕಬೇಡ ಎಂದಿದ್ದ. ರೈತ ದೈವಭಕ್ತ. ಆ ಮಾತನ್ನು ವ್ರತದಂತೆ ನಡೆಸಿದ. ಮನೆಯಲ್ಲಿ ಕೊಡಲಿಯನ್ನೇ ಇಡಲಿಲ್ಲ.

ಕಾಡಿನ ನಡುವೆ ಒಂದು ಹಳೆಯ ಧೂಪದ ಮರ. ಅದರ ಬುಡದಲ್ಲಿ ದೇವರ ಕಲ್ಲು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ರೈತ ಮರದಿಂದ ಒಸರಿದ ಅಂಟನ್ನು ಕೆಂಡಕ್ಕೆ ಹಾಕಿ ದೇವರಿಗೆ ಧೂಪ ತೋರಿಸುವನು. ಆಮೇಲೆ ಕೆಲಸಕ್ಕೆ ಇಳಿಯುವನು. ವರ್ಷಕ್ಕೆ ಮೂರು ಸಲ ಕಳೆ ತೆಗೆಯುವುದು ಅಲ್ಲಿಯ ಪದ್ಧತಿ. ಏಲಕ್ಕಿಯಲ್ಲದ್ದೆಲ್ಲ ಕಳೆ. ಹುಲ್ಲು, ಬಳ್ಳಿ, ಬೆರಳುದ್ದದ ಸಸಿ, ಎಲ್ಲವನ್ನೂ ಕಿತ್ತು ಗುಡ್ಡೆ ಹಾಕುವನು. ಧೂಪದ ಮರದ ಕೆಳಗೆ ಅದರದೇ ಸಸಿಗಳು ನೂರಾರು ಏಳುತ್ತಿದ್ದವು. ದೇವರ ಜಾಗ ಚೊಕ್ಕಟವಾಗಿರಲಿ ಎಂದು ಅಲ್ಲಿ ಇನ್ನಷ್ಟು ಮುತುವರ್ಜಿಯಿಂದ ಕೀಳುವನು.

ಜೇನು ತೆಗೆಯುವ ಮುದುಕನೊಬ್ಬ ಆ ಕಾಡಿಗೆ ಬರುತ್ತಿದ್ದ. ಒಮ್ಮೆ ಸುತ್ತಲೂ ನೋಡಿ, “ಗೌಡ್ರೇ, ನಿಮ್ಮ ಕಾಡಿನಲ್ಲಿ ಬರೀ ಅಜ್ಜಂದಿರೇ ಇದ್ದಾರಲ್ಲ. ಮೊಮ್ಮಕ್ಕಳು ಎಲ್ಲಿ ಹೋದವು?” ಎಂದ.

ರೈತ ನಕ್ಕ. “ಜೇನು ತಿಂದು ತಿಂದು ನಿನಗೆ ತಲೆ ತಿರುಗಿದೆ ಮಾರಾಯ. ಈ ಬೆಟ್ಟದಲ್ಲಿ ನನ್ನಷ್ಟು ಮರ ಉಳಿಸಿದವನು ಇದ್ದರೆ ತೋರಿಸು.”

ಮುದುಕನಿಗೆ ತೋರಿಸಲಾಗಲಿಲ್ಲ. ರೈತ ಹೇಳಿದ್ದು ನಿಜವೇ ಆಗಿತ್ತು.

ನಲವತ್ತು ವರ್ಷ ಕಳೆಯಿತು. ಒಂದು ಮಳೆಗಾಲದಲ್ಲಿ ಧೂಪದ ಮರ ವಯಸ್ಸಾಗಿ ತಾನೇ ಬಿತ್ತು. ಮರುವರ್ಷ ಇನ್ನೆರಡು ಮರ ಬಿದ್ದವು. ಬೇಸಿಗೆಯಲ್ಲಿ ಅಲ್ಲಿಗೆ ಬಿಸಿಲು ಇಳಿದು ಏಲಕ್ಕಿಯ ಎಲೆ ಸುಟ್ಟಿತು. ನೆಡಲು ಒಂದು ಧೂಪದ ಸಸಿ ಬೇಕೆಂದು ರೈತ ಹುಡುಕಿ ಹೊರಟ. ತನ್ನ ಕಾಡನ್ನೆಲ್ಲ ಮೂರು ದಿನ ತಿರುಗಿದ. ಧೂಪದ್ದಿರಲಿ, ಹೆಬ್ಬಲಸಿನದು, ಸುರಹೊನ್ನೆಯದು, ಯಾವ ಮರದ್ದೂ ಒಂದು ಸಸಿ ಸಿಗಲಿಲ್ಲ. ನಿಂತಿದ್ದ ಮರಗಳೆಲ್ಲ ಅವನ ತಂದೆಯ ಕಾಲದವು.

ಅವನು ದೇವರ ಕಲ್ಲಿನ ಮುಂದೆ ಬಂದು ನಿಂತ. ಕೊಟ್ಟ ಮಾತು ತಪ್ಪಲಿಲ್ಲ, ಕೊಡಲಿ ಮುಟ್ಟಲಿಲ್ಲ, ಆದರೂ ಯಾಕೆ ಹೀಗೆ ಎಂದು ಕೇಳಿದ. ಎಂದೂ ಬಿಸಿಲು ಕಾಣದ ಆ ಕಲ್ಲಿನ ನೆತ್ತಿಗೆ ಬಿಸಿಲು ಹೊಡೆಯುತ್ತಿತ್ತು. ಮುಗಿಯಲು ಎತ್ತಿದ ಕೈಗಳ ಮೇಲೂ ಬಿತ್ತು. ಕಳೆ ಕಿತ್ತು ಕಿತ್ತು ಕಪ್ಪಾದ ತನ್ನ ಬೆರಳುಗಳನ್ನು ರೈತ ಆ ಬೆಳಕಿನಲ್ಲಿ ನೋಡಿದ. ಕೈ ಮುಗಿಯಲು ಆಗಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಪಾಪ, ಅವನಿಗೆ ತಿಳಿಯಲಿಲ್ಲ ಎಂದರು ಗುರುಪಾದಯ್ಯ, ಕಣ್ಣು ಒರೆಸಿಕೊಳ್ಳುತ್ತ. ಗುರುಗಳು ಹೌದೆಂದು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

“ನಿನ್ನೆಯ ಭಜನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರಿದ್ದರು, ಗುರುಪಾದಯ್ಯ?”

ಗುರುಪಾದಯ್ಯ ಐವರನ್ನೂ ಬೆರಳು ಮಡಚಿ ಎಣಿಸಿದರು; ಎಲ್ಲರಿಗಿಂತ ಚಿಕ್ಕವರು ಅರವತ್ತೆರಡು ವರ್ಷದ ತಾವೇ ಆಗಿದ್ದರು.