ಹನ್ನೆರಡು ಮೀರದ ಫಕೀರಪ್ಪ

ಹುಬ್ಬಳ್ಳಿಯ ಹೊರಗೆ ಬಾಯ್ಲರ್ ಮಾಡುವ ಒಂದು ಶೆಡ್ಡು. ಅದರ ಹಿಂದಿನ ಓಣಿಯಲ್ಲಿ ನೀಲವ್ವ ಅಂತ ಒಬ್ಬ ತಾಯಿ, ಫಕೀರಪ್ಪ ಅಂತ ಅವಳಿಗೊಬ್ಬ ಮಗ. ಮಗನ ಕೈ ಬಂಗಾರ, ತಲೆ ಮಾತ್ರ ದೇವರಿಗೇ ಪ್ರೀತಿ. ಅಕ್ಕಿ ತೊಳೆದಿಡು ಅಂದರೆ ಚೀಲದ ಅಕ್ಕಿಯನ್ನೆಲ್ಲ ತೊಳೆದು, ಹಸಿಹಸಿಯಾಗಿ ಮತ್ತೆ ಚೀಲಕ್ಕೇ ತುಂಬಿ ಇಟ್ಟಿದ್ದ. ತಾಯಿ ಹಣೆಹಣೆ ಬಡಿದುಕೊಂಡಳು. ಯಾಕೆ ಬಡಿದುಕೊಂಡಳು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಇವನ ಅಪ್ಪ ಅದೇ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿ ತೀರಿಕೊಂಡವನು. ಮುಖ ಮುಚ್ಚುವ ಅವನ ಹೆಲ್ಮೆಟ್ಟು ಇನ್ನೂ ಅಲ್ಲೇ ಗೂಟಕ್ಕೆ ನೇತಾಡುತ್ತಿತ್ತು. ಮಗ ಪರೀಕ್ಷೆ ಪಾಸಾಗಿ ವೆಲ್ಡರ್ ಕಾರ್ಡು ತಗೊಂಡರೆ ಆ ಹೆಲ್ಮೆಟ್ಟು, ಆ ಜಾಗ ಅವನದು. ಇಲ್ಲವಾದರೆ ಈ ತಿಂಗಳ ಕೊನೆಗೆ ಬೇರೆಯವರಿಗೆ. ನೀಲವ್ವನ ಜೀವವೆಲ್ಲ ಆ ಗೂಟದ ಮೇಲೇ ಇತ್ತು. ಮಗನನ್ನು ಕೂರಿಸಿಕೊಂಡು, "ದೊಡ್ಡವರು ಹೇಳಿದಷ್ಟು ಮಾಡಪಾ. ಒಂದು ಕೂದಲೆಳಿ ಆಚೀಚೆ ಆಗಬಾರದು" ಅಂದಳು. ಆಗಲಿ ಅವ್ವಾ ಅಂದ ಫಕೀರಪ್ಪ.

ಮೊದಲ ಪರೀಕ್ಷೆ ಆಯಿತು. ಆರು ಮಿಲಿಮೀಟರ್ ದಪ್ಪದ ತಗಡು. ಬೆಸುಗೆ ನೋಡಿ ತಪಾಸಣೆಗೆ ಬಂದಿದ್ದ ನಾಡಿಗೇರ ಸಾಹೇಬರೇ ತಲೆದೂಗಿದರು. ಮೇಲ್ವಿಚಾರಣೆಯ ಮೌಲಾಸಾಬ ಮಿಸ್ತ್ರಿ ಬಿಡಿಸಿ ಹೇಳಿದ: ಆರು ಮಿಲಿಮೀಟರ್ ಬೆಸುಗೆ ತುಂಬಿ ಪಾಸಾದವನಿಗೆ ಅದರ ಎರಡರಷ್ಟು, ಅಂದರೆ ಹನ್ನೆರಡರ ತನಕ ತುಂಬುವ ಹಕ್ಕು. ಫಕೀರಪ್ಪ ತಲೆ ಕೆರೆದುಕೊಂಡ. ತೋರಿಸಿದ್ದು ಆರು, ಸಿಕ್ಕಿದ್ದು ಹನ್ನೆರಡು. ಉಳಿದ ಆರು ಎಲ್ಲಿಂದ ಬಂತು? ಕೇಳಲಿಲ್ಲ. ಹೇಳಿದಷ್ಟು ಮಾಡಬೇಕಲ್ಲ.

ಮರುದಿನ ಹತ್ತು ಮಿಲಿಮೀಟರ್ ತಗಡು ಬೆಸೆಯಲು ಕೊಟ್ಟರು. ಫಕೀರಪ್ಪ ತುಂಬಿದ, ತುಂಬಿದ, ತಗಡಿನ ದಪ್ಪ ಮುಗಿದರೂ ತುಂಬಿದ. ಮಿಸ್ತ್ರಿ ಬಂದು ನೋಡಿದರೆ ಬೆಸುಗೆ ಒಂಟೆಯ ಬೆನ್ನಿನ ಹಾಗೆ ಎದ್ದು ನಿಂತಿದೆ. ಇದೇನು ಅಂದರೆ, ಹನ್ನೆರಡರ ತನಕ ಅಂದಿರಲ್ಲ ಅಂದ. ಉಬ್ಬಿದ್ದನ್ನು ಉಜ್ಜಿ ತೆಗೆಯುವುದರಲ್ಲಿ ಮಿಸ್ತ್ರಿಗೆ ಮಧ್ಯಾಹ್ನವಾಯಿತು. ದಪ್ಪ ಅಳೆಯುವ ವರ್ನಿಯರನ್ನು ಫಕೀರಪ್ಪನ ಕೈಗಿಟ್ಟು ಬೈದ: "ಏನ ಮುಟ್ಟೂ ಮುಂಚೆ ಅಳತಿ ನೋಡೋ ಮಾರಾಯ. ಹನ್ನೆರಡು ಮೀರಿತ್ತಂದ್ರ ಮುಟ್ಟಬ್ಯಾಡ. ಪಾಸಾಗದ ಕೆಲಸಕ್ಕ ಕೈ ಹಚ್ಚಬ್ಯಾಡ."

ಆಗಲಿ ಅಂದ ಫಕೀರಪ್ಪ, ಮನೆಗೆ ಬಂದ. ಸಂಜೆ ಮೋಡ ಕವಿಯಿತು. ಅಂಗಳದ ಕಟ್ಟೆಯ ಮೇಲೆ ಒಗೆದು ಒಣಗಿಸಿದ, ಹೊದೆಯುವ ನಾಲ್ಕು ಕೌದಿ ಒಂದರ ಮೇಲೊಂದು ಮಡಚಿಟ್ಟಿದ್ದವು. ಒಲೆಯ ಮುಂದಿದ್ದ ತಾಯಿ, ಕೌದಿ ಒಳಗೆ ತಾರೋ ಅಂತ ಕೂಗಿದಳು. ಫಕೀರಪ್ಪ ಹೋದ, ಬಗ್ಗಿದ, ವರ್ನಿಯರ್ ಹಿಡಿದ. ಹನ್ನೆರಡನ್ನು ಯಾವಾಗಲೋ ಮೀರಿತ್ತು. ಮುಟ್ಟಲಿಲ್ಲ. ಮಳೆ ಬಂತು. ಕೌದಿ ನೆನೆಯಿತು, ಪಕ್ಕದಲ್ಲಿ ನಿಂತು ಕಾಯುತ್ತಿದ್ದ ಫಕೀರಪ್ಪನೂ ನೆನೆದ. ನೀಲವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ದಪ್ಪ ಆದರೆ ಒಂದೊಂದೇ ಪದರ ಎತ್ತಬೇಕಪ್ಪಾ ಅಂದಳು. ಒಂದು ಪದರ ಆಯಿತೋ, ಮನೆಗೆ ಬಾ. ಇನ್ನೊಂದು ಪದರ ಆಯಿತೋ, ಮನೆಗೆ ಬಾ.

ಆಗಲಿ ಅವ್ವಾ ಅಂದ.

ಆಮೇಲೆ ಬಂತು ದೊಡ್ಡ ಪರೀಕ್ಷೆ. ಬಾಯ್ಲರ್ ತಗಡೆಲ್ಲ ದಪ್ಪ, ಹನ್ನೆರಡರ ಹಕ್ಕು ಅಲ್ಲಿ ಸಾಲದು. ಹದಿಮೂರು ಮಿಲಿಮೀಟರ್ ತುಂಬಬೇಕು, ಕಮ್ಮಿ ಅಂದರೂ ಮೂರು ಪದರ ಹಾಕಬೇಕು ಅಂದರು ಸಾಹೇಬರು. ಫಕೀರಪ್ಪ ಒಂದು ಪದರ ಹಾಕಿದ, ಎದ್ದ, ಮನೆಗೆ ಹೋದ. ನೀರು ಕುಡಿದು ಬಂದ. ಇನ್ನೊಂದು ಪದರ ಹಾಕಿದ, ಎದ್ದ, ಮನೆಗೆ ಹೋದ. ಸಾಹೇಬರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಮಿಸ್ತ್ರಿಯ ಮುಖ ನೋಡಿದರು. ಮೂರನೆಯ ಪದರಕ್ಕೆ ಅವನು ಬರುವಷ್ಟರಲ್ಲಿ ಅವರ ರೈಲಿನ ಹೊತ್ತಾಗಿತ್ತು. ನಾಳೆ ಇನ್ನೊಂದೇ ಅವಕಾಶ, ತಪ್ಪಿದರೆ ಅಪ್ಪನ ಹೆಲ್ಮೆಟ್ಟು ಮರೆತುಬಿಡು ಅಂದ ಸಾಹೇಬರು ತಾಕೀತು ಮಾಡಿದರು: "ಸಂದು ಕಂಡಮ್ಯಾಲೆ ಅದು ತುಂಬೂತನಕ ಏಳಬ್ಯಾಡ. ಯಾರು ಕರದರೂ ತಿರುಗಿ ನೋಡಬ್ಯಾಡ."

ಹೆಲ್ಮೆಟ್ಟಿನ ಮಾತು ಕೇಳಿದ ಫಕೀರಪ್ಪ ಮನೆಗೆ ಬಂದು ತಟ್ಟೆಯ ಮುಂದೆ ಕೂತ. ರೊಟ್ಟಿ ಸೇರಲಿಲ್ಲ. ಎಲ್ಲರೂ ಹೇಳಿದ್ದನ್ನೇ ಮಾಡುತ್ತಿದ್ದಾನೆ, ಆದರೂ ಎಲ್ಲರೂ ಬೈಯುತ್ತಾರೆ. ಇದೆಂಥ ಲೋಕವೋ!

ಮರುದಿನ ಕೂತ. ಏಳಲಿಲ್ಲ. ನೊಣ ಬಂದು ಕೂತರೂ ಅಲುಗಲಿಲ್ಲ. ಹದಿಮೂರು ತುಂಬಿತು, ಪದರ ನಾಲ್ಕಾದವು. ತಗಡನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು, ಯಂತ್ರಕ್ಕೆ ಕೊಟ್ಟು ಲಾಳದ ಹಾಗೆ ಬಗ್ಗಿಸಿದರು. ಎಲ್ಲೂ ಬಿರುಕಿಲ್ಲ. ಸಾಹೇಬರು ಬೆನ್ನು ತಟ್ಟಿ, ಪಾಸಾದೆ, ಇನ್ನು ಮೇಲೆ ಎಷ್ಟು ದಪ್ಪದ್ದನ್ನಾದರೂ ಬೆಸೆಯಬಹುದು, ಮಿತಿಯೇ ಇಲ್ಲ ಅಂದರು. ಆರಕ್ಕೆ ಹನ್ನೆರಡಾದರೆ ಹದಿಮೂರಕ್ಕೆ ಇಪ್ಪತ್ತಾರಾಗಬೇಕಲ್ಲ ಅಂತ ಫಕೀರಪ್ಪ ಬೆರಳು ಎಣಿಸಿದ. ಮತ್ತೆ ಎಣಿಸಿದ. ನಿಯಮದ ಪುಸ್ತಕದಲ್ಲಿ ಹಾಗಿದೆ, ನೀನು ಹೊರಗೆ ಕೂತಿರು, ಕಾರ್ಡು ಬರೆದು ತರುತ್ತೇನೆ ಅಂತ ಸಾಹೇಬರು ಒಳಗೆ ಹೋದರು. ಮಿಸ್ತ್ರಿ ಗೂಟದಿಂದ ಹೆಲ್ಮೆಟ್ಟು ತೆಗೆದು ಅವನ ತಲೆಗಿಟ್ಟು, ಶೆಡ್ಡಿಗಿದ್ದ ಒಂದೇ ದಾರಿಯಾದ ಸರಳಿನ ಗೇಟನ್ನು ಎಳೆದುಕೊಂಡು ಸಾಹೇಬರ ಹಿಂದೆ ಒಳಗೆ ನಡೆದ.

ಊಟದ ಹೊತ್ತು. ಆಳುಗಳೆಲ್ಲ ಖಾನಾವಳಿಗೆ ಹೋಗಿದ್ದರು. ಗೇಟಿನ ಹೊರಗೆ ಅರ್ಧ ಮಾಡಿಟ್ಟ ಟ್ಯಾಂಕು, ವೆಲ್ಡಿಂಗ್ ಯಂತ್ರ, ಗ್ಯಾಸ್ ಕಟರ್, ಫಕೀರಪ್ಪ. ಅಪ್ಪನ ಹೆಲ್ಮೆಟ್ಟಿನ ಗಾಜಿನಿಂದ ಲೋಕ ನೋಡೋಣ ಅಂತ ತಿರುಗಿದವನಿಗೆ ಗೇಟಿನ ಎರಡು ಕದಗಳ ನಡುವೆ ಉದ್ದಕ್ಕೂ ಒಂದು ಸಂದು ಕಾಣಿಸಿತು. ಅಳತೆ ನೋಡಿದ. ಕದದ ಪೈಪು ಐವತ್ತು ಮಿಲಿಮೀಟರ್. ಇರಲಿ, ಈಗ ಮಿತಿಯಿಲ್ಲ. ಕೂತ.

ಬುತ್ತಿ ತಂದ ನೀಲವ್ವ ದೂರದಿಂದ ಆ ಹೆಲ್ಮೆಟ್ಟು, ಆ ಕಿಡಿ ನೋಡಿ ಗಂಡನೇ ಎದ್ದು ಬಂದನೇನೋ ಅಂತ ನಿಂತಲ್ಲೇ ಅತ್ತಳು. ಆಮೇಲೆ ಹತ್ತಿರ ಬಂದು ನೋಡಿ ಕೂಗಿದಳು. ಸಾಹೇಬರೂ ಮಿಸ್ತ್ರಿಯೂ ಒಳಗಿನಿಂದ ಓಡಿಬಂದು ಕೂಗಿದರು. ಫಕೀರಪ್ಪ ತಿರುಗಿ ನೋಡಲಿಲ್ಲ. ಮೇಲಿನಿಂದ ಕೆಳಗಿನ ತನಕ ಸಂದು ತುಂಬಿದ ಮೇಲೇ ಎದ್ದ.

ಬೆಸುಗೆ ಎಷ್ಟು ಚಂದ ಬಂದಿತ್ತೋ, ಗೇಟು ಅಷ್ಟೇ ಗಟ್ಟಿಯಾಗಿ ಮುಚ್ಚಿತ್ತು. ಸಾಹೇಬರು ಸರಳುಗಳ ನಡುವೆ ಕೈ ಚಾಚಿ ಮೊದಲು ಕಾರ್ಡು ಕೊಟ್ಟರು, ಆಮೇಲೆ ಕೈ ಮುಗಿದರು. ರೈಲಿನ ಹೊತ್ತಾಯಿತು, ಆ ಕಟರ್ ತಗೊಂಡು ಇದನ್ನು ಕತ್ತರಿಸಪ್ಪಾ ಅಂದರು.

ಫಕೀರಪ್ಪ ಕಾರ್ಡನ್ನು ಕಣ್ಣಿಗೊತ್ತಿಕೊಂಡ. ಹಿಂದೆ ಮುಂದೆ ತಿರುವಿ ನೋಡಿದ. ಮಿಸ್ತ್ರಿ ಹೇಳಿದ್ದು ಅವನಿಗೆ ಅಕ್ಷರ ಬಿಡದೆ ನೆನಪಿತ್ತು.

"ಇದರಾಗ ಬೆಸೆಯೂದು ಅಷ್ಟ ಐತಿ ಸಾಹೇಬ್ರ. ಪಾಸಾಗದ ಕೆಲಸಕ್ಕ ಕೈ ಹಚ್ಚಬಾರದು. ಕತ್ತರಿಸೂ ಪರೀಕ್ಷಾ ಯಾವಾಗ ತಗೋತೀರಿ?"

ನೀಲವ್ವ ಬುತ್ತಿ ಬಿಚ್ಚಿ, ರೊಟ್ಟಿಯನ್ನು ಒಂದೊಂದಾಗಿ ಸರಳಿನ ಸಂದಿನಿಂದ ಒಳಗೆ ಕೊಟ್ಟಳು. ಅವರು ಗೇಟಿನ ಒಳಗೆ, ನಾವು ಇಲ್ಲಿ ಹೊರಗೆ.