ವಾಂತಿ ನಿಲ್ಲಿಸಿದ ಗುಳಿಗೆ

"ಗುರುಗಳೇ, ಈಗ ಎದ್ದು ಹೋದ ಗಾಡಿಯವನು ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡುತ್ತಿದ್ದ. ಗುಳಿಗೆ ನಿಮ್ಮ ಕೈಯಲ್ಲೇ ಇತ್ತು. ಆದರೂ ನಾಡಿ ಹಿಡಿದು, ಎದೆ ಹೊಡೆದುಕೊಳ್ಳುತ್ತದೆಯೇ, ತಲೆ ಸುತ್ತಿ ಬಿದ್ದದ್ದುಂಟೇ, ಬೇರೆ ಯಾರ ಮದ್ದು ತಿನ್ನುತ್ತೀಯ ಎಂದು ಅಷ್ಟು ಹೊತ್ತು ಕೇಳಿದಿರಿ. ಸಂಕಟಪಡುವವನನ್ನು ಹೀಗೆ ಕಾಯಿಸಬಹುದೇ?" ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಂಭುಲಿಂಗ ಕೇಳಿದ.

ಪಂಡಿತರು ಬೇರು ಅರೆಯುವುದನ್ನು ನಿಲ್ಲಿಸಿದರು. "ನಿನಗೆ ಅವಸರ ಜಾಸ್ತಿ ಕಣಯ್ಯಾ. ಕೂತುಕೋ, ಒಂದು ಕತೆ ಕೇಳು" ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ವಾಂತಿ ನಿಲ್ಲಿಸುವುದರಲ್ಲಿ ಅವನದು ಎತ್ತಿದ ಕೈ. ಒಂದೇ ಗುಳಿಗೆ, ಅಷ್ಟೇ. ಕೈಗುಣ ದೊಡ್ಡದು, ಕೋಪ ಮಾತ್ರ ಮೂಗಿನ ತುದಿಯಲ್ಲೇ ಇತ್ತು. ಒಮ್ಮೆ ಒಬ್ಬ ಮುದುಕಿ ಪಕ್ಕದೂರಿನ ವೈದ್ಯ ಕೊಟ್ಟ ಪೊಟ್ಟಣ ತೋರಿಸಿ, ಇದನ್ನೂ ತಿನ್ನುತ್ತಿದ್ದೇನೆ ಎಂದಳು. ಎರಡು ದೋಣಿಯಲ್ಲಿ ಕಾಲಿಡುವವರು ನನ್ನ ಜಗಲಿ ಹತ್ತಬೇಡಿ ಎಂದು ಗದರಿಸಿ, ಅವಳನ್ನು ಎಬ್ಬಿಸಿ ಕಳಿಸಿದ. ನೆರೆದವರೆಲ್ಲ ನೋಡಿದರು. ಅಂದಿನಿಂದ ಅವನ ಮುಂದೆ ಇನ್ನೊಬ್ಬ ವೈದ್ಯನ ಹೆಸರೆತ್ತಬಾರದು ಎಂಬುದು ಊರಿನ ರೀತಿಯೇ ಆಯಿತು. ಅತ್ತೆಯಂದಿರು ಸೊಸೆಯಂದಿರಿಗೂ ಹಾಗೇ ಹೇಳಿಕೊಟ್ಟರು. ವೈದ್ಯನಿಗೂ ಅದು ಹಿತವಾಗಿತ್ತು, ಮೂರ್ಖ!

ಒಂದು ದಿನ ಕಂಬಳಿ ನೇಯುವವನೊಬ್ಬ ಹೆಂಡತಿಯನ್ನು ಕರೆತಂದ. ಎರಡು ದಿನದಿಂದ ಅವಳಿಗೆ ವಾಂತಿ. ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅವಳ ಎದೆಬಡಿತ ಆಗಾಗ ತಪ್ಪುತ್ತಿತ್ತು. ಅದಕ್ಕಾಗಿ ಪಕ್ಕದೂರಿನ ವೈದ್ಯನ ಮದ್ದನ್ನು ಒಂದು ತಿಂಗಳಿಂದ ತಿನ್ನುತ್ತಿದ್ದಳು. ಆ ಪೊಟ್ಟಣ ಗಂಡನ ಸೊಂಟದಲ್ಲೇ ಇತ್ತು.

"ಬೇರೇನಾದರೂ ಕಾಯಿಲೆ ಉಂಟೋ?" ಎಂದು ವೈದ್ಯ ಗುಳಿಗೆ ತೆಗೆಯುತ್ತಲೇ ಕೇಳಿದ.

"ಏನೂ ಇಲ್ಲ ಬುದ್ಧಿ. ನಿಮ್ಮನ್ನು ಬಿಟ್ಟರೆ ನಮಗೆ ಯಾರಿದ್ದಾರೆ?" ಎಂದು ಗಂಡ ಕೈಮುಗಿದ.

ವೈದ್ಯ ಉಬ್ಬಿಹೋದ. ನಾಡಿಯನ್ನೂ ನೋಡದೆ ಗುಳಿಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ವಾಂತಿ ನಿಂತಿತು. ಅವಳು ತಾನಾಗಿಯೇ ಗಂಜಿ ಕೇಳಿದಳು. ಗಂಡ ಸಂತೋಷಕ್ಕೆ ಅತ್ತುಬಿಟ್ಟ.

ಗುಳಿಗೆ ಒಳ್ಳೆಯದೇ, ಶಂಭುಲಿಂಗ. ಆದರೆ ಕೆಲವರಲ್ಲಿ ಅದು ಎದೆಬಡಿತದ ಹದ ಕೆಡಿಸುತ್ತದೆ. ಅವಳ ಎದೆ ಮೊದಲೇ ಸೋತಿತ್ತು. ವಾಂತಿಯಲ್ಲಿ ಮೈಯ ಉಪ್ಪುನೀರೆಲ್ಲ ಹೋಗಿತ್ತು. ಅದರ ಮೇಲೆ, ಎದೆಬಡಿತ ಕೆಡಿಸುವ ಅದೇ ಗುಣ ಪಕ್ಕದೂರಿನ ಮದ್ದಿಗೂ ಇತ್ತು; ಎರಡೂ ಒಂದೇ ಹೊಟ್ಟೆಯಲ್ಲಿ ಕೂಡಿದವು. ಎರಡು ಗುಟುಕು ಗಂಜಿ ಕುಡಿದವಳು ಹಾಗೇ ಪಕ್ಕಕ್ಕೆ ಒರಗಿದಳು. ವೈದ್ಯ ಆಗ ಓಡಿಬಂದು ನಾಡಿ ಹಿಡಿದ. ಅಷ್ಟರಲ್ಲಿ ಜೀವ ಹೋಗಿತ್ತು.

ಗಂಡ ಸೊಂಟದ ಪೊಟ್ಟಣ ಬಿಚ್ಚಿ ವೈದ್ಯನ ಮುಂದಿಟ್ಟ. "ಇದನ್ನು ಹೇಳಬೇಕಾಗಿತ್ತೇ, ಬುದ್ಧಿ?" ಎಂದು ಕೇಳಿದ.

ಇಷ್ಟು ಹೇಳಿ ಪಂಡಿತರು ಮತ್ತೆ ಬೇರು ಅರೆಯತೊಡಗಿದರು. ಶಂಭುಲಿಂಗನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಎಂಥ ಮನುಷ್ಯ ಗುರುಗಳೇ! ಮದ್ದನ್ನು ಸೊಂಟದಲ್ಲಿ ಇಟ್ಟುಕೊಂಡು ಏನೂ ಇಲ್ಲ ಎಂದನಲ್ಲ. ಕೈಯಾರೆ ಹೆಂಡತಿಯನ್ನು ಕೊಂದ" ಎಂದ.

"ಅವನನ್ನು ಬಯ್ಯಬೇಡಪ್ಪ, ಪಾಪ, ಅವನು ನನಗೆ ಮರ್ಯಾದೆ ಕೊಟ್ಟ" ಎಂದರು ಪಂಡಿತರು.